ಹಲಗೆಯ ಮೇಲಿನ ಪಿಯಾನೋ

ಭಾನುವಾರ ಬಂದರೆ ಬಸ್ಸಮ್ಮ ಶಹಾಪುರದಿಂದ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿಗೆ ಹೋಗಿ ಅಲ್ಲಿಯ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದಳು. ವಾರದ ಉಳಿದ ದಿನ ಆಕೆ ಶಹಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಕ್ಯಾಂಪಿನ ಪಾಠ ನಡೆಯುತ್ತಿದ್ದುದು ಕ್ಲರ್ಕ್ ಸಾಬಣ್ಣನ ಕ್ವಾರ್ಟರ್ಸಿನ ಪಡಸಾಲೆಯಲ್ಲಿ. ಅವನ ಹೆಂಡತಿ ಮಾಳಮ್ಮ ಮಕ್ಕಳ ಗದ್ದಲಕ್ಕೆ ಬೇಸರ ಮಾಡಿಕೊಳ್ಳುವ ಹೆಣ್ಣಲ್ಲ. ಪಡಸಾಲೆಯ ಮೂಲೆಯ ಮಂಚದ ಮೇಲೆ ಸಾಬಣ್ಣನ ತಾಯಿ ಹಣಮಮ್ಮ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ.

ಒಂದು ಭಾನುವಾರ ಮಕ್ಕಳೆಲ್ಲ ಹೋದ ಮೇಲೆ ಬಸ್ಸಮ್ಮ ಚಾ ಕುಡಿಯುತ್ತ ಕೂತಿದ್ದಾಗ ಮುದುಕಿಯ ಕೈಗಳ ಮೇಲೆ ಅವಳ ಕಣ್ಣು ಬಿತ್ತು. ಹಣಮಮ್ಮನ ಹತ್ತೂ ಬೆರಳು ಮಂಚದ ಅಂಚಿನ ಕಟ್ಟಿಗೆಯ ಮೇಲೆ ಓಡಾಡುತ್ತಿದ್ದವು. ಎಡಗೈ ಒಂದೇ ಲಯದಲ್ಲಿ ಏಳುತ್ತ ಬೀಳುತ್ತ ಇತ್ತು. ಬಲಗೈ ದೂರ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ಮುದುಕಿಯ ಕಣ್ಣು ಮುಚ್ಚಿದ್ದವು.

"ಆಯಿ, ಬೆರಳಿಗೆ ಏನರ ಆಗ್ಯಾದೇನು?" ಎಂದಳು ಬಸ್ಸಮ್ಮ.

"ಏನೂ ಆಗಿಲ್ರಿ ಅಕ್ಕೋರ. ಅಪ್ಪನ ಹಾಡು ಬಾರಸಾಕತ್ತೀನಿ."

"ಹಾರ್ಮೋನಿಯಂದ?"

"ಅಲ್ಲ. ಪಿಯಾನೋದ್ದು."

ಬಸ್ಸಮ್ಮ ಪಿಯಾನೋ ನೋಡಿದ್ದು ಸಿನಿಮಾದಲ್ಲಿ ಮಾತ್ರ. ಸುತ್ತಲಿನ ಮೂರು ತಾಲೂಕಿನಲ್ಲಿ ಅದನ್ನು ಬಾರಿಸುವವರು ಇದ್ದರು ಎಂದು ಆಕೆ ಕೇಳಿಯೇ ಇರಲಿಲ್ಲ. ಚಾದ ಬಟ್ಟಲು ಕೆಳಗಿಟ್ಟು ಮಂಚದ ಹತ್ತಿರ ಸರಿದು ಕೂತಳು. ಅಂದಿನ ಬಸ್ಸು ತಪ್ಪಿತು.

ಹಣಮಮ್ಮ ತನ್ನ ತಂದೆಯ ಕಥೆಯನ್ನು ಒಮ್ಮೆಗೇ ಹೇಳಲಿಲ್ಲ. ಹಲವು ಭಾನುವಾರಗಳಲ್ಲಿ, ನೆನಪಾದಷ್ಟು ಹೇಳಿದಳು. ತಂದೆಯ ಹೆಸರು ಅಂಬ್ರಪ್ಪ. ಯಾದಗಿರಿ ಹತ್ತಿರದ ಮುದನಾಳದವನು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮದುವೆಯಾದರೂ ಹಲಗಿ ಎಂಬ ಚರ್ಮದ ವಾದ್ಯ ಬಾರಿಸುವುದು ಅವನ ಮನೆತನದ ಪಾಲಿಗೆ ಬಂದ ಕೆಲಸ. ಪ್ರಾಯದಲ್ಲಿ ಅವನು ಅದನ್ನು ಬಿಟ್ಟು ರೈಲು ಹತ್ತಿ ಸಿಕಂದರಾಬಾದಿಗೆ ಹೋದ. ಅಲ್ಲೊಂದು ಸಿನಿಮಾ ಹಾಲ್‌ನಲ್ಲಿ ಕಸಗುಡಿಸುವ ಕೆಲಸ ಸಿಕ್ಕಿತು. ಆಗಿನ್ನೂ ಮಾತಿಲ್ಲದ ಸಿನಿಮಾಗಳ ಕಾಲ. ಪರದೆಯ ಮೇಲೆ ಚಿತ್ರ ಓಡುವಾಗ ಕೆಳಗೆ ಕೂತು ಗೋವಾದ ಮುದುಕನೊಬ್ಬ ಪಿಯಾನೋ ಬಾರಿಸುತ್ತಿದ್ದ. ಅಂಬ್ರಪ್ಪ ದಿನಾ ಮುಂಜಾನೆ ಪಿಯಾನೋದ ಧೂಳು ಒರೆಸುತ್ತಿದ್ದ. ಒರೆಸುತ್ತ ಅದರ ಬಿಳಿ ಕಪ್ಪು ಸ್ವರದ ಮಣಿಗಳನ್ನು ಒಂದೊಂದೇ ಒತ್ತಿ ನೋಡುತ್ತಿದ್ದ. ಗೋವಾದವನು ಅದನ್ನು ಕಂಡು ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಮುಂದೆ ಆತ ಊರಿಗೆ ಹೊರಟು ನಿಂತಾಗ, "ಇವನೇ ಬಾರಿಸಲಿ" ಎಂದು ಮಾಲಕನಿಗೆ ಹೇಳಿ ಹೋದ.

"ಮಾಲಕ ಒಪ್ಪಿದನಾ?" ಎಂದು ಬಸ್ಸಮ್ಮ ಕೇಳಿದಳು.

"ಒಪ್ಪದೆ ಏನ್ ಮಾಡ್ತಾನ್ರಿ? ಕತ್ತಲಾಗ ಕುಂತು ಬಾರಸಾಂವಗ ಯಾವ ಜಾತಿ? ಅಪ್ಪಾನೇ ಹಂಗ ಹೇಳಿ ನಗ್ತಿದ್ದ."

ಮಾತಾಡುವ ಸಿನಿಮಾ ಬಂದ ಮೇಲೆ ಹಾಲ್‌ಗೆ ಪಿಯಾನೋ ಬೇಡವಾಯಿತು. ಮಾಲಕ ಅದನ್ನು ಒಯ್ಯಿ ಎಂದ. ಅಂಬ್ರಪ್ಪ ಗೂಡ್ಸ್ ಗಾಡಿಯಲ್ಲಿ ಯಾದಗಿರಿಗೆ ತಂದು, ಬಂಡಿಯಲ್ಲಿ ಹೇರಿ ಮುದನಾಳಕ್ಕೆ ಬಂದ. ಮನೆಯ ಬಾಗಿಲಲ್ಲಿ ಅದು ಹಿಡಿಯಲಿಲ್ಲ. ಅಂಗಳದಲ್ಲೇ ಜೋಳದ ದಂಟಿನ ಚಪ್ಪರ ಹಾಕಿ ಇಟ್ಟ. ಕೂಲಿ ಮುಗಿಸಿ ಬಂದು ಸಂಜೆ ಬಾರಿಸುತ್ತ, ತನ್ನದೇ ಹಾಡು ಕಟ್ಟತೊಡಗಿದ. ಬಂಡಿ ದಾರಿಯ ಮೇಲೊಂದು, ಭೀಮಾ ಹೊಳೆ ತುಂಬಿ ಬಂದದ್ದರ ಮೇಲೊಂದು, ಹೆಂಡತಿ ಸುಂದ್ರಮ್ಮ ತಲೆಯ ಮೇಲೆ ಕೊಡ ಹೊತ್ತು ನಡೆದು ಬರುವುದರ ಮೇಲೊಂದು. ಊರವರು ಅವನಿಗೆ 'ಪೆಟ್ಟಿಗಿ ಅಂಬ್ರಪ್ಪ' ಎಂದು ಹೆಸರಿಟ್ಟರು. ಹಣಮಮ್ಮ ತಂದೆಯ ತೊಡೆಯ ಮೇಲೆ ಕೂತು ಮಣಿ ಒತ್ತುತ್ತ ಬೆಳೆದಳು.

ಆಮೇಲೆ ಗೆದ್ದಲು ಹತ್ತಿತು. ಕೆಲವು ಮಳೆಗಾಲಗಳಲ್ಲಿ ಪೆಟ್ಟಿಗೆ ಪುಡಿಯಾಯಿತು. ಉಳಿದ ತಂತಿಗಳನ್ನು ಅಂಬ್ರಪ್ಪ ಸುತ್ತಲಿನ ತತ್ವಪದದವರಿಗೆ ಏಕತಾರಿಗೆಂದು ಹಂಚಿಬಿಟ್ಟ. ಒಂದು ಉದ್ದನೆಯ ಕಟ್ಟಿಗೆಯ ಹಲಗೆ ತಂದು ಅದರ ಮೇಲೆ ಸುಣ್ಣದಿಂದ ಬಿಳಿಯ ಮಣಿ, ಕಾಡಿಗೆಯಿಂದ ಕಪ್ಪು ಮಣಿ ಬರೆದ. ಅದರ ಮುಂದೆ ಮಗಳನ್ನು ಕೂರಿಸಿ, ಬೆರಳು ಬಿದ್ದಲ್ಲೆಲ್ಲ ತಾನು ಬಾಯಿಯಿಂದ ಸ್ವರ ಹೇಳುತ್ತ ತನ್ನ ಹಾಡುಗಳನ್ನೆಲ್ಲ ಕಲಿಸಿದ. ಅಂಬ್ರಪ್ಪ ತೀರಿದ ಮೇಲೆ ಹಲಗೆಯ ಮುಂದೆ ಸ್ವರ ಹೇಳುವವರು ಯಾರೂ ಉಳಿಯಲಿಲ್ಲ. ಹಣಮಮ್ಮ ಮಾತ್ರ ಬಿಡಲಿಲ್ಲ. ಹಲಗೆಯೂ ಹೋದ ಮೇಲೆ ಮಂಚದ ಅಂಚು ಸಾಕಾಯಿತು.

ಇದನ್ನು ಕೇಳಿದ ಮೇಲೆ ಬಸ್ಸಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಒಂದು ರಜೆಯ ದಿನ ಮುದನಾಳಕ್ಕೆ ಹೋಗಿ ವಿಚಾರಿಸಿದಳು. ಹೆಚ್ಚಿನವರು ತಲೆ ಅಲ್ಲಾಡಿಸಿದರು. ಖಂಡಪ್ಪ ಎಂಬ ಭಜನೆಯ ಮುದುಕನೊಬ್ಬನಿಗೆ ಮಾತ್ರ ನೆನಪಿತ್ತು.

"ಪೆಟ್ಟಿಗಿ ಅಂಬ್ರಪ್ಪ! ಅಯ್ಯ, ಮರೀಲಿಕ್ಕಾಗ್ತದೇನ್ರಿ? ಸಂಜೀಕ ಅವ ಕುಂತಾಂದ್ರ ಓಣಿ ಮಂದಿ ಉಣ್ಣಾದು ಬಿಟ್ಟು ಕುಂದರತಿತ್ತು. ನಮ್ಮ ಓಣಿ ಅಷ್ಟ ಅಲ್ಲ, ಗೌಡ್ರ ಕಟ್ಟಿ ಮ್ಯಾಲಿನವ್ರೂ ಕಿವಿ ಇತ್ಲಾಗೇ ಇಟ್ಟಿರ್ತಿದ್ರು." ಗೂಟದಿಂದ ಏಕತಾರಿ ಇಳಿಸಿ ತಂತಿ ಮೀಟಿದ. "ಇದು ಆ ಪೆಟ್ಟಿಗಿದೇ ತಂತಿ. ಇನ್ನೂ ಹರದಿಲ್ಲ."

ಹಾಗಾದರೆ ಹಣಮಮ್ಮ ಹೇಳಿದ್ದೆಲ್ಲ ಖರೆ. ಈಗ ಬೇಕಾದದ್ದು ಒಂದು ಪಿಯಾನೋ. ವಿಚಾರಿಸುತ್ತ ಹೋದಾಗ, ಯಾದಗಿರಿಯ ಹತ್ತಿ ವ್ಯಾಪಾರಿ ಜಗದೇವಪ್ಪನ ಮನೆಯಲ್ಲಿ ಒಂದು ಇದೆ ಎಂದು ತಿಳಿಯಿತು. ಅವನ ತಂದೆ ಹೈದರಾಬಾದಿನ ನವಾಬರೊಬ್ಬರ ಮನೆ ಸಾಮಾನು ಹರಾಜಾಗುವಾಗ ಶೋಕಿಗೆಂದು ತಂದಿದ್ದನಂತೆ. ಈಗ ಅದರ ಮೇಲೆ ಚಾದರ ಹೊದಿಸಿ ಟಿವಿ ಇಟ್ಟಿದ್ದರು. ಬಸ್ಸಮ್ಮ ಹೋಗಿ ಕೇಳಿದಾಗ ಜಗದೇವಪ್ಪ ನಕ್ಕು, "ಟಿವಿಗಿ ಬ್ಯಾರೆ ಟೇಬಲ್ ತರ್ತೀನಿ. ನೀವು ಅದನ್ನ ರಿಪೇರಿ ಮಾಡ್ಸಿ ಬಾರಸ್ರಿ, ನಾನೂ ಒಮ್ಮಿ ಅದರ ದನಿ ಕೇಳ್ತೀನಿ" ಎಂದ.

ಬೇಡ ಎಂದವನು ಸಾಬಣ್ಣ. ಅವನು ಸಿಟ್ಟಿನ ಮನುಷ್ಯನಲ್ಲ. ಆದರೆ ಆ ಸಂಜೆ ಅವನ ಮುಖ ಬಿಗಿಯಿತು.

"ಅಕ್ಕೋರ, ನಿಮ್ಮ ಮ್ಯಾಲ ನನಗ ಭಾಳ ಗೌರವ ಅದ. ಆದ್ರ ಸಾವ್ಕಾರ್ರ ಮನಿಗಿ ಹೋಗಿ ಬಾರಸಾದು ನಾವು ಬಿಟ್ಟೀವಿ. ನಮ್ಮ ಮಂದಿ ಹಲಗಿ ಇಳಿಸಿ, ಬುದ್ಧನ ಫೋಟೋ ಗ್ವಾಡಿಗಿ ಹಾಕೀವಿ. ಈಗ ನಮ್ಮವ್ವನ್ನ ಮತ್ತ ಕರೀತೀರೇನು?"

ಬಸ್ಸಮ್ಮನಿಗೆ ಅವನ ಮಾತಿನಲ್ಲಿ ತಪ್ಪಿಲ್ಲ ಎನಿಸಿತು. "ನೀವು ಬ್ಯಾಡಂದ್ರ ಬ್ಯಾಡ್ರಿ" ಎಂದು ಚೀಲ ಎತ್ತಿಕೊಂಡಳು.

ಹಣಮಮ್ಮ ಮಂಚದಿಂದ ಇಳಿದು ಬಂದಳು. "ಸಾಬಣ್ಣ, ನಿಮ್ಮಜ್ಜನ್ನ ಯಾರೂ ಕರೀಲಿಲ್ಲ. ಅವ ತನ್ನ ಅಂಗಳದಾಗ, ತನ್ನ ಮನಸಿಗಿ ಬಂದಾಗ ಬಾರಿಸ್ದ. ನನ್ನೂ ಯಾರೂ ಕರ್ದಿಲ್ಲ. ಆ ಪೆಟ್ಟಿಗಿ ನನಗ ಬೇಕಾಗ್ಯಾದ, ನಾ ಹೋಗಾಕತ್ತೀನಿ. ನೀ ಬೇಕಾದ್ರ ಬಾ."

ಸಾಬಣ್ಣ ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿದ. ಕೊನೆಗೆ, "ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ಪಿಯಾನೋ ರಿಪೇರಿಗೆ ಬಂದವನು ಸುರಪುರದ ದಸ್ತಗೀರಸಾಬ. ಅಲ್ಲಿ ಅವನದು ಹಾರ್ಮೋನಿಯಂ ಅಂಗಡಿ. ಬಸ್ಸಮ್ಮನ ಶಾಲೆಯ ಪೆಟ್ಟಿಗೆಗಳೂ ಅವನ ಕೈಯವೇ. ಪಿಯಾನೋದ ಮುಚ್ಚಳ ತೆಗೆದು ಒಳಗೆ ಇಣುಕಿ, "ಯಾ ಅಲ್ಲಾ! ಇದು ಹಾರ್ಮೋನಿಯಂ ಅಲ್ರಿ ಅಕ್ಕೋರ, ಪೆಟ್ಟಿಗ್ಯಾಗ ನಿಂದ್ರಿಸಿದ ಸಿತಾರ" ಎಂದ. ಒಳಗೆ ಇಲಿ ಗೂಡು ಕಟ್ಟಿತ್ತು. ಒಂದೊಂದು ಸ್ವರಕ್ಕೆ ಮೂರು ಮೂರು ತಂತಿ. ಗೂಟ ತಿರುಗಿಸಲು ಅವನ ಹತ್ತಿರ ಇದ್ದ ಯಾವ ಚಾವಿಯೂ ಹಿಡಿಯಲಿಲ್ಲ. ಸುರಪುರಕ್ಕೆ ಹಿಂತಿರುಗಿ ಲೇತ್ ಅಂಗಡಿಯಲ್ಲಿ ಒಂದು ಮಾಡಿಸಿ ತಂದ. ಮೊದಲ ದಿನ ಜೋರಾಗಿ ತಿರುಗಿಸಿ ಎರಡು ತಂತಿ ಹರಿದ. ಹರಿದ ತಂತಿ ಮುಖಕ್ಕೆ ಸಿಡಿದು ಗಲ್ಲಕ್ಕೆ ಗೀರಾಯಿತು. ಬಟ್ಟೆ ಸವೆದ ಸುತ್ತಿಗೆಗಳಿಗೆ ಕಂಬಳಿಯ ತುಂಡು ಅಂಟಿಸಿದ. ಬಸ್ಸಮ್ಮ ಹಾರ್ಮೋನಿಯಂ ಒತ್ತಿ ಸ್ವರ ಕೊಡುತ್ತಿದ್ದಳು, ಅವನು ತಂತಿ ಬಿಗಿಯುತ್ತಿದ್ದ. ಎಲ್ಲ ಮುಗಿದರೂ ಮೇಲಿನ ಕೆಲವು ಮಣಿಗಳು ಬಾಯಿಬಿಡಲೇ ಇಲ್ಲ.

"ಇವು ಮೂಕ ಅವ. ಉಳದಾವ್ ಹಾಡ್ತಾವ" ಎಂದು ಕೈ ಝಾಡಿಸಿಕೊಂಡ.

ಹಣಮಮ್ಮ ಇಳಕಲ್ ಸೀರೆ ಉಟ್ಟು ಬಂದಳು. ಪಿಯಾನೋದ ಮುಂದೆ ಕೂತು ಕೈ ಇಟ್ಟಳು, ಒತ್ತಿದಳು. ದನಿ ಹೊರಟಿತು. ಆಕೆ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಇಟ್ಟಳು. ನಾಲ್ಕು ಸ್ವರ ಸರಿ ಬಂದವು, ಐದನೆಯದು ಬರಲಿಲ್ಲ. ಹಲಗೆಯ ಮೇಲೆ ಹಗುರ ತಾಕಿದರೆ ಸಾಕಿತ್ತು. ಇಲ್ಲಿ ಪ್ರತಿ ಮಣಿಯನ್ನೂ ಒತ್ತಿ ಇಳಿಸಬೇಕಿತ್ತು. ಹಾಡಿನ ನಡುವೆ ಬೆರಳು ಸೋತು ನಿಂತವು.

"ಇದು ಎದುರು ಮಾತಾಡ್ತದ" ಎಂದಳು ಸಿಟ್ಟಿನಿಂದ. "ಹಲಗಿ ಸುಮ್ಮ ಇರ್ತಿತ್ತು."

ಬಸ್ಸಮ್ಮ, ಮುದುಕಿಯನ್ನು ಇಷ್ಟು ದೂರ ಕರೆತಂದು ಇದ್ದ ಸುಖವನ್ನೂ ಕೆಡಿಸಿದೆನೇ ಎಂದು ಹೆದರಿದಳು. ಅಷ್ಟರಲ್ಲಿ ಹಣಮಮ್ಮ, "ಎಲ್ಲಾರೂ ಹೊರಗ ಹೋಗ್ರಿ" ಎಂದಳು. ಜಗದೇವಪ್ಪ, ಸಾಬಣ್ಣ, ಬಸ್ಸಮ್ಮ ಎದ್ದು ಕಟ್ಟೆಯ ಮೇಲೆ ಹೋಗಿ ಕೂತರು. ಒಳಗಿನಿಂದ ಮುರಿದ ಸ್ವರ, ಬೈಗುಳ, ಮತ್ತೆ ಸ್ವರ ಕೇಳುತ್ತಲೇ ಇದ್ದವು. ಬೆಳಿಗ್ಗೆ ಕ್ಯಾಂಪಿನ ಪಾಠ ಮುಗಿಸಿ ಯಾದಗಿರಿಗೆ ಹೋಗುತ್ತ ಹಾಗೇ ಭಾನುವಾರಗಳು ಕಳೆದವು. ಹಣಮಮ್ಮ ಮನೆಯಲ್ಲಿ ಹಿಟ್ಟು ನಾದುವ ಕೆಲಸವನ್ನೆಲ್ಲ ಸೊಸೆಯ ಕೈಯಿಂದ ಕಸಿದುಕೊಂಡು ಬೆರಳು ಗಟ್ಟಿ ಮಾಡಿಕೊಂಡಳು.

ಒಂದು ಮಧ್ಯಾಹ್ನ, ಕಟ್ಟೆಯ ಮೇಲೆ ಕೂತವರ ಮಾತು ತಾನಾಗಿ ನಿಂತಿತು. ಒಳಗೆ ಹಾಡು ಎಲ್ಲೂ ತಡೆಯದೆ ಬರುತ್ತಿತ್ತು. ಎಡಗೈಯಲ್ಲಿ ಒಂದು ನಡಿಗೆ, ನಿಧಾನ, ತುಸು ಓಲಾಡುವ ನಡಿಗೆ. ಬಲಗೈಯಲ್ಲಿ ತುಂಬಿದ ಕೊಡದ ನೀರು ತುಳುಕಿದಂತೆ ಚಿಕ್ಕ ಚಿಕ್ಕ ಸ್ವರ. ಅದು ಸುಂದ್ರಮ್ಮನ ಹಾಡು. ಸಾಬಣ್ಣ ತನ್ನ ಅಜ್ಜಿಯನ್ನು ಬಾಲ್ಯದಲ್ಲಿ ಕಂಡಿದ್ದ.

"ಹಂಗೇ ನಡೀತಿದ್ಲು" ಎಂದ ಅವನು. ಅವನ ಕಣ್ಣು ತುಂಬಿದ್ದವು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಎಡಗೈ ಕೇಳ್ರಿ ಅಕ್ಕೋರ. ಅದು ಹಲಗಿ ಪೆಟ್ಟು. ಹಲಗಿ ಬಿಟ್ಟು ಹೋದಾಂವ ಅದನ್ನೂ ಸಂಗಾಟ ಒಯ್ದಿದ್ದ" ಎಂದ. ಅವನ ಮಾತಿನಲ್ಲಿ ನಾಚಿಕೆ ಇರಲಿಲ್ಲ.

ಜಗದೇವಪ್ಪನ ತಾಯಿ ಗೊಲ್ಲಾಳಮ್ಮ ಇಷ್ಟು ವಾರ ಒಳಮನೆಯಿಂದ ಹೊರಗೆ ಬಂದಿರಲಿಲ್ಲ. ಎಲ್ಲರಿಗೂ ಬಟ್ಟಲಲ್ಲಿ ಚಾ ಕಳಿಸುತ್ತಿದ್ದಳು, ಹಣಮಮ್ಮನಿಗೂ ಸಾಬಣ್ಣನಿಗೂ ಬೇರೆ ಇಟ್ಟ ಸ್ಟೀಲ್ ಗ್ಲಾಸಿನಲ್ಲಿ. ತಾಯಿ ಮಗ ಅದನ್ನು ಮುಟ್ಟುತ್ತಿರಲಿಲ್ಲ. ಅಂದು ಅವಳೇ ತಟ್ಟೆ ಹಿಡಿದು ಪಿಯಾನೋದ ಹತ್ತಿರ ಬಂದಳು. ತಟ್ಟೆಯ ಮೇಲೆ ಒಂದೇ ತರಹದ ಬಟ್ಟಲುಗಳು.

"ಇಷ್ಟು ವಾರ ಚಾ ಕುಡೀಲಿಲ್ಲ ನೀ" ಎಂದಳು.

"ಗ್ಲಾಸ್ ಬ್ಯಾರೆ ಇತ್ತಲ್ರಿ."

ಗೊಲ್ಲಾಳಮ್ಮ ತಟ್ಟೆ ಕೆಳಗಿಟ್ಟಳು. "ಇತ್ತು. ಇನ್ನ ಇರಲ್ಲ" ಎಂದು ಬಟ್ಟಲನ್ನು ಕೈಗೆ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೂತಳು. "ಆ ನೀರ ಹೊತ್ತ ಹೆಣ್ಣಿಂದು ಇನ್ನೊಮ್ಮಿ ಬಾರ್ಸು."

ಬಸ್ಸಮ್ಮ ಹಾಡುಗಳನ್ನು ಟೇಪ್‌ರೆಕಾರ್ಡರ್‌ನಲ್ಲಿ ಹಿಡಿದಳು. ಆದರೆ ಒಂದು ಅನುಮಾನ ಅವಳನ್ನು ಕೊರೆಯುತ್ತಿತ್ತು. ಅಂಬ್ರಪ್ಪ ಸಿನಿಮಾ ಹಾಲ್‌ನಲ್ಲಿ ಕೇಳಿದ ಯಾವುದೋ ಇಂಗ್ಲಿಷ್ ಹಾಡುಗಳೇ ಇವಾಗಿದ್ದರೆ? ತನಗೆ ಗೊತ್ತಿಲ್ಲದ್ದನ್ನು ಅವನದೆಂದು ಊರಿಗೆ ಹೇಳುವುದು ಹೇಗೆ? ದಸರಾ ರಜೆಯಲ್ಲಿ ಯಾದಗಿರಿಯಿಂದ ರೈಲು ಹತ್ತಿ, ಸಿಕಂದರಾಬಾದಿನಲ್ಲಿ ಪಿಯಾನೋ ಕಲಿಸುವ ಹಿರಿಯ ಹೆಂಗಸೊಬ್ಬಳನ್ನು ಹುಡುಕಿ ಹೋದಳು. ಆಕೆ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಒಂದು ಹಾಡು ಬಂದಾಗ ನಕ್ಕು, ಇದು ವಿಲಾಯತಿ ಕುಣಿತದ ಹಾಡು, ನಮ್ಮ ಕಾಲದಲ್ಲಿ ಎಲ್ಲರೂ ಬಾರಿಸುತ್ತಿದ್ದರು ಎಂದು ಹಿಂದಿಯಲ್ಲಿ ಹೇಳಿದಳು. ಬಸ್ಸಮ್ಮನ ಮುಖ ಸಣ್ಣದಾಯಿತು. ಆಕೆ ಮುಂದುವರಿಸಿದಳು: ಉಳಿದವು ಮಾತ್ರ ತಾನು ಎಲ್ಲೂ ಕೇಳಿದವಲ್ಲ, ಎಡಗೈಯನ್ನು ಹೀಗೆ ಬಾರಿಸುವುದನ್ನು ಯಾರೂ ತನಗೆ ಕಲಿಸಿಲ್ಲ, ಆ ಮನುಷ್ಯ ಇದ್ದಿದ್ದರೆ ತಾನೇ ಹೋಗಿ ಕಲಿಯುತ್ತಿದ್ದೆ.

ಬಸ್ಸಮ್ಮ ಹಿಂತಿರುಗಿ ಇದನ್ನು ಅಂಜುತ್ತಲೇ ಹೇಳಿದಳು. ಹಣಮಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಅದಾ? ಅದಕ್ಕ ಅಪ್ಪ 'ದೊರಿ ಹಾಡು' ಅಂತಿದ್ದ. ತನ್ದು ಅಂತ ಎಂದೂ ಹೇಳಿಲ್ಲ. ನೀವು ಕೇಳಿದ್ರ ನಾನೇ ಹೇಳ್ತಿದ್ದೆ, ರೈಲ್ವೆ ಟಿಕೇಟ್ ಉಳೀತಿತ್ತು."

ಬಸ್ಸಮ್ಮನಿಗೂ ನಗು ತಡೆಯಲಿಲ್ಲ. ಅಂದೇ ಜಗದೇವಪ್ಪನ ಮನೆಯಲ್ಲಿ ಇಬ್ಬರೂ ಕೂತು ಒಂದೊಂದು ಹಾಡಿನ ಹೆಸರೂ ಬರೆಯತೊಡಗಿದರು. ಕೊನೆಯಲ್ಲಿ ಒಂದು ಉಳಿಯಿತು. ಮೊದಲು ಬರೀ ಒಂದೇ ಸ್ವರ, ದೂರದಿಂದ ಬಂದಂತೆ. ಆಮೇಲೆ ಎರಡು, ಆಮೇಲೆ ಹಲವು. ಒಣ ನೆಲ ಬಿರುಕು ಬಿರುಕಿನಲ್ಲೂ ಕುಡಿಯುತ್ತ ತುಂಬಿಕೊಳ್ಳುವಂತೆ ಹಾಡು ಅಗಲವಾಗುತ್ತಿತ್ತು. ಬಸ್ಸಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

"ಇದರ ಹೆಸರೇನ್ ಆಯಿ?"

"ಕಾಲುವಿ ನೀರು."

ಬಸ್ಸಮ್ಮ ಬರೆದಳು. ಬರೆದು ಪೆನ್ನು ನಿಲ್ಲಿಸಿದಳು. ಕಾಲುವೆಗೆ ನೀರು ಬಿಟ್ಟದ್ದು ಮೊನ್ನೆ ಮೊನ್ನೆ. ಸಾಬಣ್ಣ ಕ್ಯಾಂಪಿಗೆ ಕ್ಲರ್ಕಾಗಿ ಬಂದ ಮೇಲೆ. ಅಂಬ್ರಪ್ಪ ತೀರಿಕೊಳ್ಳುವಾಗ ಈ ಕಡೆ ಕಾಲುವೆಯ ಮಾತೂ ಇರಲಿಲ್ಲ.

"ಆಯಿ, ಇದು ನಿಮ್ಮಪ್ಪಂದು ಹ್ಯಾಂಗ ಆಗ್ತದ?"

ಹಣಮಮ್ಮ ಸೀರೆಯ ಸೆರಗು ಸರಿಮಾಡಿಕೊಂಡಳು. "ಅಪ್ಪಂದಂತ ನಾ ಎಲ್ಲಿ ಹೇಳ್ದೆ? ನೀವು ಬಾರ್ಸು ಅಂದ್ರಿ, ಬಾರ್ಸಿದೆ."

"ಮತ್ತ ಯಾರ್ದು?"

"ನಂದು."

ಮೊದಲ ಸಲ ನೀರು ಬಿಟ್ಟ ದಿನ ಸಾಬಣ್ಣ ತಾಯಿಯನ್ನು ಕಾಲುವೆಯ ಏರಿಯ ಮೇಲೆ ಕರೆದೊಯ್ದಿದ್ದ. ನೀರು ಹಾವಿನಂತೆ ತಲೆ ಆಡಿಸುತ್ತ, ಕಸಕಡ್ಡಿ ತಳ್ಳುತ್ತ ಬಂದದ್ದನ್ನು ನೋಡಿ ಬಂದು, ಆಕೆ ಆವತ್ತೇ ಮಂಚದ ಅಂಚಿನ ಮೇಲೆ ಅದನ್ನು ಕಟ್ಟತೊಡಗಿದ್ದಳು. ಕಟ್ಟಿ ಮುಗಿಸಿದರೂ ಕಿವಿಯಿಂದ ಕೇಳಿರಲಿಲ್ಲ. ಯಾದಗಿರಿಯ ಈ ಮನೆಯಲ್ಲೇ ಮೊದಲು ಕೇಳಿದ್ದು.

"ಇನ್ನೂ ಅವೇನು?" ಎಂದು ಬಸ್ಸಮ್ಮ ಕೇಳಿದಳು.

"ಅವ, ಒಂದಿಷ್ಟ. ಯಾರೂ ಕೇಳಿರಲಿಲ್ಲ, ಹೇಳಿಲ್ಲ."

ಬೇಸಿಗೆ ಶುರುವಾಗುವ ಮುನ್ನ ಜಗದೇವಪ್ಪ ಪಿಯಾನೋವನ್ನು ಅಂಗಳಕ್ಕೆ ತೆಗೆಸಿ ಶಾಮಿಯಾನ ಹಾಕಿಸಿದ. ಶಹಾಪುರದಿಂದ ಬಸ್ಸಮ್ಮನ ಶಾಲೆಯ ಹುಡುಗಿಯರು, ಕ್ಯಾಂಪಿನ ಮಂದಿ, ಸುರಪುರದಿಂದ ಹೊಸ ಶರ್ಟು ಹಾಕಿಕೊಂಡ ದಸ್ತಗೀರಸಾಬ, ಮುದನಾಳದಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದರು. ಗೊಲ್ಲಾಳಮ್ಮ ಮುಂದಿನ ಸಾಲಿನಲ್ಲಿ ಮಾಳಮ್ಮನ ಪಕ್ಕ ಕೂತಳು. ಬಸ್ಸಮ್ಮ ಮೈಕಿನ ಮುಂದೆ ನಿಂತು, ಮುದನಾಳದ ಅಂಬ್ರಪ್ಪ ಮತ್ತು ಅವರ ಮಗಳು ಹಣಮಮ್ಮ, ಇವರಿಬ್ಬರು ಕಟ್ಟಿದ ಹಾಡುಗಳು ಎಂದು ಹೇಳಿದಳು. ಹೆಚ್ಚೇನೂ ಮಾತಾಡಲಿಲ್ಲ.

ಬಂಡಿ ದಾರಿ ಬಾರಿಸುವಾಗ ಮುದನಾಳದವರು ತಲೆದೂಗಿದರು. ಹೊಳೆ ತುಂಬಿ ಬಂದಾಗ ಶಾಮಿಯಾನದ ಹಿಂದಿನವರೂ ಎದ್ದು ನಿಂತರು. ಒಂದೆರಡು ಕಡೆ ಮೂಕ ಮಣಿಗಳ ಮೇಲೆ ಬೆರಳು ಬಿದ್ದು ಬರೀ ಟಕ್ ಎಂದಿತು. ಹಣಮಮ್ಮ ಆ ಸ್ವರವನ್ನು ಬಾಯಿಯಿಂದ ಹೇಳಿ ಮುಂದೆ ಹೋದಳು. ಕಾಲುವೆಯ ಹಾಡು ಮುಗಿದಾಗ ಮೊದಲು ಕೈ ತಟ್ಟಿದವನು ಸಾಬಣ್ಣ. ಆಮೇಲೆ ಚಪ್ಪಾಳೆಯಿಂದ ಅಂಗಳ ತುಂಬಿತು.

ಶಹಾಪುರದ ಬಸ್ಸಿನಲ್ಲಿ ಬಹಳ ಗದ್ದಲ. ಭೀಮೆಯ ಸೇತುವೆ ದಾಟಿ ಒಂದು ನಿಲ್ದಾಣದಲ್ಲಿ ಭತ್ತದ ನಾಟಿ ಮುಗಿಸಿದ ಹೆಂಗಸರು ಕೆಸರುಗಾಲಲ್ಲೇ ಹತ್ತಿದರು. ಇಳಕಲ್ ಸೀರೆ ಉಟ್ಟು, ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡೇ ಕೂತಿದ್ದ ಹಣಮಮ್ಮನನ್ನು ಕಂಡು ಅವರಲ್ಲೊಬ್ಬಳು ಕೇಳಿದಳು:

"ಏನಬೇ ಯಕ್ಕಾ, ಹಾರ ಹಾಕ್ಕೊಂಡು ಎತ್ಲಾಗ ಹೋಗಿದ್ದಿ? ಮದಿವಿ ಇತ್ತೇನು?"

"ಇಲ್ಲವ್ವ, ನಮ್ಮಪ್ಪನ ಪ್ರೋಗ್ರಾಮ್ ಇತ್ತು" ಎಂದಳು ಹಣಮಮ್ಮ. ಆಮೇಲೆ ತುಸು ಸರಿದು ಆಕೆಗೆ ಜಾಗ ಮಾಡಿಕೊಟ್ಟು, ನಗುತ್ತ, "ನಂದೂ ಇತ್ತು" ಎಂದಳು.